ಲೆಸ್ ಪಾಲ್ ಗಿಟಾರ್: ಕೊಳ್ಳುವ ಮುಂಚೆ ಗೊತ್ತಿರಬೇಕಾದದ್ದು

ಗಿಟಾರ್ ಕಲಿಯುವ ಮಗನೋ ಮಗಳೋ ಮನೆಯಲ್ಲಿದ್ದರೆ ಒಂದಲ್ಲ ಒಂದು ದಿನ ಲೆಸ್ ಪಾಲ್ ಎಂಬ ಹೆಸರು ಬಂದೇ ಬರುತ್ತದೆ. ಮೊದಲ ಎಲೆಕ್ಟ್ರಿಕ್ ಗಿಟಾರ್ ಕೈಗೆ ಹತ್ತಿದ ಮೇಲೆ, ಬ್ಯಾಂಡ್ ಸೇರಿದ ಮೇಲೆ, ಇಲ್ಲವೇ ಮೊದಲ ಸಂಬಳ ಬಂದ ಮೇಲೆ. ಬೆಲೆ ಕೇಳಿದರೆ ಮನೆಯವರು ಗಾಬರಿಯಾಗುತ್ತಾರೆ. ಅಮೆರಿಕದಲ್ಲಿ ತಯಾರಾದ ಗಿಬ್ಸನ್ ಕಂಪನಿಯ ಹೊಸ ಲೆಸ್ ಪಾಲ್ ಸ್ಟ್ಯಾಂಡರ್ಡ್ ನಮ್ಮಲ್ಲಿ ಎರಡು ಲಕ್ಷ ರೂಪಾಯಿ ದಾಟುತ್ತದೆ. ಅಷ್ಟು ದುಡ್ಡು ಕೊಟ್ಟು ತಂದ ವಾದ್ಯ ಸ್ಟ್ಯಾಂಡ್‌ನಿಂದ ಒಮ್ಮೆ ಹಿಂದಕ್ಕೆ ಬಿದ್ದರೆ ಕತ್ತು ಮುರಿದುಕೊಳ್ಳಬಹುದು ಎಂಬುದು ಮಾತ್ರ ಎಷ್ಟೋ ಜನರಿಗೆ ಕೊಂಡ ಮೇಲೆಯೇ ತಿಳಿಯುತ್ತದೆ.

ಈ ಗಿಟಾರ್ ಅನ್ನು ಹೊಗಳುವವರೂ ಸರಿ, ಬೈಯುವವರೂ ಸರಿ. ಅದರ ಒಳ್ಳೆಯ ಗುಣಗಳು ಯಾವ ನಿರ್ಧಾರಗಳಿಂದ ಬಂದವೋ ತೊಂದರೆಗಳೂ ಬಹುಮಟ್ಟಿಗೆ ಅಲ್ಲಿಂದಲೇ ಬಂದಿವೆ. ಹಾಗಾಗಿ ಅದನ್ನು ಹೇಗೆ ಕಟ್ಟಿದ್ದಾರೆ ಎಂಬುದರಿಂದಲೇ ಶುರು ಮಾಡೋಣ.

ಇದು ಎಲ್ಲಿಂದ ಬಂತು?

ಲೆಸ್ ಪಾಲ್ ಒಬ್ಬ ಮನುಷ್ಯನ ಹೆಸರು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವಾಕೆಶಾ ಊರಿನಲ್ಲಿ 1915ರಲ್ಲಿ ಹುಟ್ಟಿದ ಗಿಟಾರ್ ವಾದಕ. ಧ್ವನಿಮುದ್ರಣದಲ್ಲೂ ಹೊಸ ಹೊಸ ಪ್ರಯೋಗ ಮಾಡಿದವರು. ಆ ಕಾಲದ ಎಲೆಕ್ಟ್ರಿಕ್ ಗಿಟಾರ್‌ಗಳ ಹೊಟ್ಟೆ ಟೊಳ್ಳಾಗಿರುತ್ತಿತ್ತು. ಸದ್ದು ಜಾಸ್ತಿ ಮಾಡಿದರೆ ಸ್ಪೀಕರಿನ ಸದ್ದಿಗೆ ಆ ಟೊಳ್ಳು ಪೆಟ್ಟಿಗೆಯೇ ನಡುಗಿ ಕೂಗು ಹಾಕುತ್ತಿತ್ತು. ಲೆಸ್ ಪಾಲ್ 1940ರ ಸುಮಾರಿಗೆ ಒಂದು ಗಟ್ಟಿ ಪೈನ್ ತೊಲೆಗೆ ಗಿಟಾರಿನ ಕತ್ತು ಜೋಡಿಸಿ, ನೋಡಲು ಗಿಟಾರಿನಂತಿರಲಿ ಎಂದು ಎರಡು ಪಕ್ಕಕ್ಕೂ ಬೇರೆ ಗಿಟಾರಿನ ರೆಕ್ಕೆ ಅಂಟಿಸಿದರು. ಗಿಬ್ಸನ್ ಕಂಪನಿಯವರು ಅದನ್ನು ಮೊದಲು ಒಪ್ಪಲಿಲ್ಲ.

1950ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಗಟ್ಟಿ ಮರದ ಗಿಟಾರ್ ಮಾರುಕಟ್ಟೆಗೆ ತಂದರು. ಅದು ಓಡತೊಡಗಿತು. ಆಗ ಮಿಶಿಗನ್ ರಾಜ್ಯದ ಕಲಮಜೂ ಊರಿನಲ್ಲಿದ್ದ ಗಿಬ್ಸನ್ ಎಚ್ಚೆತ್ತಿತು. ಅದರ ಅಧ್ಯಕ್ಷ ಟೆಡ್ ಮೆಕಾರ್ಟಿ ಅವರ ತಂಡ ವಿನ್ಯಾಸ ಮಾಡಿತು. ಲೆಸ್ ಪಾಲ್ ಹೆಸರಿನಲ್ಲಿ, ಚಿನ್ನದ ಬಣ್ಣದ ಮುಖದೊಂದಿಗೆ 1952ರಲ್ಲಿ ಗಿಟಾರ್ ಹೊರಬಂತು. ಯಾರ ಪಾಲು ಎಷ್ಟು ಎಂಬ ಜಗಳ ಇವತ್ತಿಗೂ ಮುಗಿದಿಲ್ಲ.

ಇವತ್ತು ಎಲ್ಲರೂ ಹಂಬಲಿಸುವ ರೂಪ ಬಂದದ್ದು 1958ರಿಂದ 1960ರ ನಡುವೆ. ಮೇಪಲ್ ಮರದ ಗೆರೆಗಳು ಕಾಣುವಂತೆ, ನಡುವೆ ಹಳದಿ, ಅಂಚಿಗೆ ಹೋದಂತೆ ಕೆಂಪು ಬಣ್ಣ. ಆ ಹೊತ್ತಿಗೆ ಅದು ಸರಿಯಾಗಿ ಮಾರಾಟವಾಗಲೇ ಇಲ್ಲ. 1961ರಲ್ಲಿ ಕಂಪನಿ ಆಕಾರವನ್ನೇ ಬದಲಿಸಿತು. ಮುಂದೆ ಇಂಗ್ಲೆಂಡಿನ ಹುಡುಗರು, ಎರಿಕ್ ಕ್ಲಾಪ್ಟನ್, ಪೀಟರ್ ಗ್ರೀನ್, ಜಿಮ್ಮಿ ಪೇಜ್ ಮುಂತಾದವರು, ಆ ಹಳೇ ಗಿಟಾರ್‌ಗಳನ್ನು ಹುಡುಕಿ, ಸದ್ದು ಏರಿಸುವ ದೊಡ್ಡ ಆಂಪ್‌ಗಳಿಗೆ (ಆಂಪ್ಲಿಫೈಯರ್) ಜೋಡಿಸಿ ನುಡಿಸಿದರು. ಬೇಡಿಕೆ ಏರಿತು. 1968ರಲ್ಲಿ ಗಿಬ್ಸನ್ ಮತ್ತೆ ತಯಾರಿಕೆ ಶುರು ಮಾಡಿತು.

ದನಿ ಹುಟ್ಟುವುದು ಹೇಗೆ?

ಎಲೆಕ್ಟ್ರಿಕ್ ಗಿಟಾರಿನಲ್ಲಿ ಮೈಕ್ ಇರುವುದಿಲ್ಲ. ತಂತಿಗಳ ಕೆಳಗೆ ಪಿಕಪ್ ಎಂಬ ಪಟ್ಟಿ ಇರುತ್ತದೆ. ಅದರೊಳಗೆ ಆಯಸ್ಕಾಂತ, ಅದರ ಸುತ್ತ ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲಿನ ಉಕ್ಕಿನ ತಂತಿ ಅಲುಗಾಡಿದಾಗ ಕಾಂತಕ್ಷೇತ್ರವೂ ಅಲುಗುತ್ತದೆ. ಆಗ ತಾಮ್ರದ ಸುರುಳಿಯಲ್ಲಿ ಚೂರು ವಿದ್ಯುತ್ ಹುಟ್ಟುತ್ತದೆ. ಅದನ್ನೇ ಆಂಪ್ ದೊಡ್ಡದು ಮಾಡಿ ಸ್ಪೀಕರಿಗೆ ಕೊಡುತ್ತದೆ.

ತೊಂದರೆ ಏನೆಂದರೆ, ಈ ಸುರುಳಿಗೆ ತಂತಿಯ ಅಲುಗಾಟ ಯಾವುದು, ಗೋಡೆಯೊಳಗಿನ ಕರೆಂಟು ಯಾವುದು ಎಂಬ ಭೇದ ಗೊತ್ತಿಲ್ಲ. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತದೆ. ಟ್ಯೂಬ್‌ಲೈಟ್, ಫ್ಯಾನಿನ ರೆಗ್ಯುಲೇಟರ್, ಚಾರ್ಜರ್, ಎಲ್ಲದರಿಂದಲೂ ಬರುವ ಆ ಗುಂಯ್ ಸದ್ದನ್ನು ಒಂದೇ ಸುರುಳಿಯ ಪಿಕಪ್ ಹೀರಿಕೊಳ್ಳುತ್ತದೆ.

ಗಿಬ್ಸನ್‌ನ ಎಂಜಿನಿಯರ್ ಸೆತ್ ಲವರ್ ಇದಕ್ಕೆ ಉಪಾಯ ಕಂಡುಹಿಡಿದು 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ಪಕ್ಕಪಕ್ಕ ಎರಡು ಸುರುಳಿ. ಎರಡನ್ನೂ ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿ, ಆಯಸ್ಕಾಂತದ ಧ್ರುವವನ್ನೂ ತಿರುಗಿಸುವುದು. ಹೊರಗಿನ ಗುಂಯ್ ಸದ್ದು ಎರಡಕ್ಕೂ ಒಂದೇ ರೀತಿ ಬರುವುದರಿಂದ ಒಂದು ಇನ್ನೊಂದನ್ನು ಕಳೆದುಬಿಡುತ್ತದೆ. ತಂತಿಯ ದನಿ ಮಾತ್ರ ಎರಡು ಸಲ ತಿರುಗಿ ಕೂಡಿಕೊಳ್ಳುತ್ತದೆ. ಇದೇ ಹಂಬಕರ್ ಪಿಕಪ್. 1957ರಿಂದ ಲೆಸ್ ಪಾಲ್‌ಗಳಿಗೆ ಬಂತು.

ಲೆಸ್ ಪಾಲ್‌ನ ಮೊದಲ ಲಾಭ ಇದು. ಸದ್ದು ತುಂಬಾ ಏರಿಸಿದರೂ ಗುಂಯ್‌ಗುಡುವುದು ಕಡಿಮೆ. ದನಿ ದಪ್ಪ, ಜೋರು. ಆಂಪ್ ಬೇಗ ಒರಟಾಗಿ ಹಾಡತೊಡಗುತ್ತದೆ. ರಾಕ್, ಬ್ಲೂಸ್, ಮೆಟಲ್ ನುಡಿಸುವವರಿಗೆ ಬೇಕಾದದ್ದೇ ಅದು. ಆದರೆ ಅದೇ ಎರಡು ಸುರುಳಿ ಮೇಲಿನ ತೆಳು ನಾದಗಳನ್ನೂ ಕಡಿಮೆ ಮಾಡುತ್ತದೆ. ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ (ಸ್ಟ್ರಾಟ್) ಗಿಟಾರಿನ ಗಾಜಿನಂಥ ಠಣ್ ಸದ್ದು ಇದರಲ್ಲಿ ಬರುವುದಿಲ್ಲ. ಕೆಲವು ಮಾದರಿಗಳಲ್ಲಿ ಗುಂಡಿ ಎಳೆದರೆ ಒಂದು ಸುರುಳಿ ಬಂದ್ ಆಗುತ್ತದೆ. ದನಿ ತೆಳುವಾಗುತ್ತದೆ ನಿಜ, ಆದರೂ ಸ್ಟ್ರಾಟ್ ಆಗುವುದಿಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. ಮನೆಯ ಅರ್ಥಿಂಗ್ ಸರಿಯಿಲ್ಲದಿದ್ದರೆ ಬರುವ ಸದ್ದನ್ನು ಹಂಬಕರ್ ತಡೆಯುವುದಿಲ್ಲ. ಸದ್ದು ಹೋಗಲಿ, ಅದು ಅಪಾಯ. ಗಿಟಾರಿನ ತಂತಿ ಆಂಪ್‌ನ ಅರ್ಥ್‌ಗೆ ಜೋಡಿಸಿರುತ್ತದೆ. ಅರ್ಥಿಂಗ್ ಕೆಟ್ಟಿರುವ ಕಡೆ ತಂತಿ ಹಿಡಿದುಕೊಂಡೇ ಮೈಕಿಗೆ ತುಟಿ ತಾಗಿಸಿದರೆ ಶಾಕ್ ಹೊಡೆಯಬಹುದು. ಎಷ್ಟೇ ದುಬಾರಿ ಗಿಟಾರ್ ಆಗಿರಲಿ, ಮೊದಲು ಎಲೆಕ್ಟ್ರಿಷಿಯನ್ ಕರೆದು ಮೂರು ಪಿನ್ನಿನ ಸಾಕೆಟ್ ಪರೀಕ್ಷೆ ಮಾಡಿಸಿ.

ಉದ್ದ ನಿಲ್ಲುವ ನಾದ, ಸುಲಭಕ್ಕೆ ಬಾಗುವ ತಂತಿ

ದೇಹಕ್ಕೆ ದಪ್ಪ ಮಹಾಗನಿ, ಅದರ ಮೇಲೆ ಮೇಪಲ್ ಹಲಗೆ, ಮಹಾಗನಿಯದೇ ಕತ್ತು. ಕತ್ತನ್ನು ದೇಹಕ್ಕೆ ಸ್ಕ್ರೂ ಹಾಕಿ ಕೂರಿಸುವುದಿಲ್ಲ, ಅಂಟಿನಿಂದ ಸೇರಿಸುತ್ತಾರೆ. ಒಮ್ಮೆ ಮೀಟಿದ ಸ್ವರ ಬಹಳ ಹೊತ್ತು ನಿಲ್ಲುತ್ತದೆ. ಇದಕ್ಕೆ ಮರವೇ ಕಾರಣ ಎನ್ನುವವರಿದ್ದಾರೆ, ಅಂಟಿನ ಜೋಡಣೆ ಎನ್ನುವವರಿದ್ದಾರೆ, ಪಿಕಪ್ಪು ಮತ್ತು ಆಂಪ್ ಎನ್ನುವವರಿದ್ದಾರೆ. ಮರದ ಪಾತ್ರ ಎಷ್ಟು ಎಂಬುದರಲ್ಲಿ ಒಮ್ಮತ ಇಲ್ಲ. ಪಿಕಪ್, ಆಂಪ್, ಸ್ಪೀಕರ್ ಬದಲಿಸಿದರೆ ಮಾತ್ರ ವ್ಯತ್ಯಾಸ ಯಾರ ಕಿವಿಗಾದರೂ ಗೊತ್ತಾಗುತ್ತದೆ. ಮರದ ಹೆಸರಿಗೇ ಜಾಸ್ತಿ ದುಡ್ಡು ಸುರಿಯುವ ಮುಂಚೆ ಇದನ್ನು ನೆನಪಿಡಿ.

ಲೆಸ್ ಪಾಲ್‌ನಲ್ಲಿ ತಂತಿ ಮಿಡಿಯುವ ಉದ್ದ ಸುಮಾರು 62.8 ಸೆಂಟಿಮೀಟರ್. ಸ್ಟ್ರಾಟ್‌ನಲ್ಲಿ 64.8. ಎರಡು ಸೆಂಟಿಮೀಟರ್ ಅಷ್ಟೇ ಅಲ್ವಾ ಅನ್ನಿಸಬಹುದು. ಆದರೆ ಅದೇ ದಪ್ಪದ ತಂತಿಯನ್ನು ಅದೇ ಶ್ರುತಿಗೆ ಏರಿಸಲು ಇಲ್ಲಿ ಬೇಕಾಗುವ ಬಿಗಿ ಸುಮಾರು 6 ಶೇಕಡಾ ಕಡಿಮೆ. ತಂತಿ ಬೆರಳಿಗೆ ಮೆತ್ತಗೆ ಸಿಗುತ್ತದೆ. ಪಕ್ಕಕ್ಕೆ ಎಳೆದು ಸ್ವರ ಏರಿಸುವುದು ಹಗುರ. ವೀಣೆಯವರು ತಂತಿ ಎಳೆದು ಗಮಕ ತರುವ ಹಾಗೆ ಗಿಟಾರಿನಲ್ಲಿ ಗಮಕ ಹಿಡಿಯಬೇಕೆನ್ನುವವರಿಗೆ ಈ ಮೆದುತನವೂ ಉದ್ದ ನಿಲ್ಲುವ ನಾದವೂ ನಿಜವಾಗಿ ಉಪಯೋಗಕ್ಕೆ ಬರುತ್ತವೆ. ಒಂದೇ ಮೀಟಿನಲ್ಲಿ ಮೂರು ನಾಲ್ಕು ಸ್ವರ ಜಾರಿಸುವಷ್ಟು ಹೊತ್ತು ಸದ್ದು ಉಳಿದಿರುತ್ತದೆ.

ಆದರೆ ಕೊನೆಯ ಫ್ರೆಟ್‌ಗಳಿಗೆ, ಅಂದರೆ ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಗಳಲ್ಲಿ ದೇಹದ ಹತ್ತಿರದವಕ್ಕೆ, ಕೈ ಹೋಗುವುದು ಕಷ್ಟ. ಕತ್ತು ದೇಹಕ್ಕೆ ಸೇರುವ ಜಾಗ ದಪ್ಪ, ಕೆಳಗಡೆ ಒಂದೇ ಕಡೆ ಕೊರೆದಿದ್ದಾರೆ. ಸಣ್ಣ ಕೈಯವರಿಗೆ ಇದು ದಿನವೂ ಕಾಡುವ ಅಡ್ಡಿ.

ತೂಕ

ಸಾಮಾನ್ಯ ಲೆಸ್ ಪಾಲ್ 4 ಕೆ.ಜಿ. ಆಸುಪಾಸು ಇರುತ್ತದೆ. 1970ರ ದಶಕದವು ಕೆಲವು 5 ಕೆ.ಜಿ.ಗೂ ಹತ್ತಿರ. ಕುಳಿತು ಅಭ್ಯಾಸ ಮಾಡುವಾಗ ಗೊತ್ತಾಗುವುದಿಲ್ಲ. ಎರಡು ಗಂಟೆ ನಿಂತು ನುಡಿಸಿದರೆ ಎಡ ಭುಜ ತಾನೇ ಹೇಳುತ್ತದೆ. ತೂಕ ಇಳಿಸಲು 1980ರ ದಶಕದಿಂದ ದೇಹದೊಳಗೆ ರಂಧ್ರ ಕೊರೆಯುವುದು ಶುರುವಾಯಿತು. ಈಗಿನ ಸ್ಟ್ಯಾಂಡರ್ಡ್ 50ಸ್, 60ಸ್ ಮಾದರಿಗಳಲ್ಲಿ ಹಾಗೆ ಕೊರೆಯುವುದಿಲ್ಲ. ಮಾಡರ್ನ್ ಎಂಬ ಮಾದರಿಯಲ್ಲಿ ಕೊರೆಯುತ್ತಾರೆ. ಬೆನ್ನು ನೋವಿದ್ದವರು ಹೆಸರು ನೋಡಿ ನಂಬದೆ ತಕ್ಕಡಿಯಲ್ಲಿಟ್ಟು ತೂಗಿಸುವುದು ಒಳ್ಳೆಯದು. ಒಂದೇ ಮಾದರಿಯ ಎರಡು ಗಿಟಾರ್‌ಗಳ ನಡುವೆಯೇ ಅರ್ಧ ಕೆ.ಜಿ. ವ್ಯತ್ಯಾಸ ಇರುವುದುಂಟು. ಜೊತೆಗೆ ಅಗಲದ ಚರ್ಮದ ಪಟ್ಟಿ ಬೇಕು.

ಕತ್ತು ಯಾಕೆ ಮುರಿಯುತ್ತದೆ?

ಈ ಗಿಟಾರಿನ ಅತಿ ದೊಡ್ಡ ದೋಷ ಇದು. ಸ್ವಲ್ಪ ನಿಧಾನವಾಗಿ ನೋಡೋಣ.

ಶ್ರುತಿ ಮಾಡುವ ಬಿರಡೆಗಳಿರುವ ಭಾಗಕ್ಕೆ ಹೆಡ್‌ಸ್ಟಾಕ್ ಎನ್ನುತ್ತಾರೆ. ಲೆಸ್ ಪಾಲ್‌ನಲ್ಲಿ ಅದು 17 ಡಿಗ್ರಿಯಷ್ಟು ಹಿಂದಕ್ಕೆ ಬಾಗಿದೆ. ತಂತಿಗಳು ಕತ್ತಿನ ತುದಿಯ ನಟ್ ಎಂಬ ಪಟ್ಟಿಯ ಮೇಲೆ ಬಿಗಿಯಾಗಿ ಒತ್ತಿಕೊಂಡು ಕೂರಲಿ ಎಂಬುದು ಉದ್ದೇಶ. ಪಿಟೀಲಿನಂಥ ಹಳೇ ವಾದ್ಯಗಳನ್ನು ಮಾಡುವವರ ಸಂಪ್ರದಾಯ ಅದು.

ಕತ್ತು, ಹೆಡ್‌ಸ್ಟಾಕ್ ಎರಡನ್ನೂ ಒಂದೇ ಮಹಾಗನಿ ತುಂಡಿನಿಂದ ಕೊರೆಯುತ್ತಾರೆ. ಕತ್ತಿನ ಉದ್ದಕ್ಕೂ ಮರದ ನಾರು ನೇರವಾಗಿ ಓಡುತ್ತದೆ. ಹೆಡ್‌ಸ್ಟಾಕ್ ಬಾಗುವ ಕಡೆ ನಾರು ಬಾಗುವುದಿಲ್ಲ, ನೇರವಾಗಿಯೇ ಹೋಗಿ ಮರದ ಹೊರಗೆ ಮುಗಿದುಬಿಡುತ್ತದೆ. ಆ ಜಾಗದಲ್ಲಿ ಉಳಿಯುವುದು ತುಂಡು ತುಂಡು ನಾರು. ಸೌದೆ ಒಡೆದವರಿಗೆ ಇದು ಗೊತ್ತು: ನಾರಿಗೆ ಅಡ್ಡ ಹೊಡೆದರೆ ಕೊಡಲಿ ಕಚ್ಚಿಕೊಳ್ಳುತ್ತದೆ, ನಾರಿನ ಗುಂಟ ಹೊಡೆದರೆ ಒಂದೇ ಏಟಿಗೆ ಸೀಳುತ್ತದೆ.

ಸಾಲದು ಎಂಬಂತೆ ಅದೇ ಜಾಗದಲ್ಲಿ ಮರವನ್ನು ತೋಡಿಯೂ ಇದ್ದಾರೆ. ತಂತಿಯ ಎಳೆತಕ್ಕೆ ಕತ್ತು ಬಾಗದಿರಲಿ ಎಂದು ಒಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಇರುತ್ತದೆ. ಅದನ್ನು ಬಿಗಿ ಮಾಡುವ ಹಿತ್ತಾಳೆ ನಟ್ಟಿಗೆ ಜಾಗ ಬೇಕು. ಗಂಟೆಯಾಕಾರದ ಪ್ಲಾಸ್ಟಿಕ್ ಮುಚ್ಚಳದ ಅಡಿಯಲ್ಲಿ ಅದಕ್ಕಾಗಿ ಗುಳಿ ಇದೆ. ಬಾಗು, ತುಂಡು ನಾರು, ಗುಳಿ ಮೂರೂ ಒಂದೇ ಕಡೆ ಬಂದು ಸೇರಿವೆ. ಗಿಟಾರ್ ಹಿಂದಕ್ಕೆ ಬಿದ್ದರೆ ಮೊದಲು ನೆಲಕ್ಕೆ ತಾಗುವುದೂ ಹೆಡ್‌ಸ್ಟಾಕೇ. ಕೇಸಿನೊಳಗೆ ಇದ್ದರೂ ಕೇಸ್ ಉದ್ದಕ್ಕೆ ಬಿದ್ದರೆ, ಭಾರದ ಬಿರಡೆಗಳು ಮುಂದಕ್ಕೆ ಒದೆಯುವ ರಭಸಕ್ಕೆ ಬಿರುಕು ಬಿಡುವುದುಂಟು.

1970ರ ದಶಕದಲ್ಲಿ ಗಿಬ್ಸನ್ ಇದನ್ನು ಸರಿಪಡಿಸಲು ನೋಡಿತು. ಬಾಗಿನ ಹಿಂಬದಿಗೆ ಮರದ ಉಬ್ಬು ಬಿಟ್ಟಿತು, ಕತ್ತನ್ನು ಮೂರು ಪಟ್ಟಿ ಸೇರಿಸಿ ಮಾಡಿತು, ಮೇಪಲ್ ಕೂಡ ಬಳಸಿತು. ಕತ್ತು ಗಟ್ಟಿಯಾಯಿತು. ಕೊಳ್ಳುವವರಿಗೆ ಹಿಡಿಸಲಿಲ್ಲ. 1950ರ ದಶಕದ ಗಿಟಾರ್ ಹೇಗಿತ್ತೋ ಹಾಗೇ ಬೇಕು ಎಂದರು. ಉಬ್ಬು ಹೋಯಿತು, ಹಳೇ ದೌರ್ಬಲ್ಯ ವಾಪಸ್ ಬಂತು. ಈ ದೋಷವನ್ನು ಕಂಪನಿಯಷ್ಟೇ ಅಭಿಮಾನಿಗಳೂ ಉಳಿಸಿಕೊಂಡಿದ್ದಾರೆ ಎಂದರೆ ತಪ್ಪಿಲ್ಲ.

ಮುರಿದರೆ ಗಿಟಾರ್ ಸತ್ತಂತಲ್ಲ. ಸೀಳು ಉದ್ದವಾಗಿದ್ದು ಚೂರುಗಳು ಕಳೆದುಹೋಗದಿದ್ದರೆ ಒಳ್ಳೆಯ ಕುಶಲಕರ್ಮಿ ಮರದ ಅಂಟು ತುಂಬಿ, ಕ್ಲ್ಯಾಂಪ್ ಬಿಗಿದು ಕೂರಿಸುತ್ತಾರೆ. ಆ ಜೋಡಣೆ ಸುತ್ತಲ ಮರಕ್ಕಿಂತ ಗಟ್ಟಿಯಾಗಿರಬಹುದು. ಮುರಿದ ಕೂಡಲೇ ತಂತಿಗಳನ್ನು ಸಡಿಲ ಮಾಡಿ, ಚೂರುಗಳನ್ನೆಲ್ಲ ಜೋಪಾನ ಮಾಡಿ. ಮನೆಯಲ್ಲಿ ಫೆವಿಕ್ವಿಕ್ ಹಾಕಲು ಮಾತ್ರ ಹೋಗಬೇಡಿ. ಅದು ನಾರಿನೊಳಗೆ ಗಟ್ಟಿಯಾದರೆ ಆಮೇಲೆ ಸರಿಯಾದ ಅಂಟು ಹಿಡಿಯುವುದೇ ಇಲ್ಲ. ದನಿಯಲ್ಲಿ ವ್ಯತ್ಯಾಸ ಕೇಳಿಸದಷ್ಟು ಚೆನ್ನಾಗಿ ರಿಪೇರಿಯಾದರೂ ಮಾರುವಾಗ ಬೆಲೆ ಅರ್ಧದ ಹತ್ತಿರಕ್ಕೆ ಇಳಿಯುವುದುಂಟು.

ಸ್ಟ್ರಾಟ್‌ನಲ್ಲಿ ಹೆಡ್‌ಸ್ಟಾಕ್ ಹಿಂದಕ್ಕೆ ಬಾಗಿಲ್ಲ. ಕತ್ತು ನಾಲ್ಕು ಸ್ಕ್ರೂಗಳಲ್ಲಿ ಕೂತಿದೆ. ಮುರಿಯುವುದು ಅಪರೂಪ, ಮುರಿದರೆ ಬಿಚ್ಚಿ ಬೇರೆ ಹಾಕಬಹುದು.

ಮೂರನೇ ತಂತಿ ಶ್ರುತಿ ಬಿಡುವುದು

ಲೆಸ್ ಪಾಲ್ ಇಟ್ಟುಕೊಂಡ ಎಲ್ಲರೂ ಹೇಳುವ ದೂರು: ಜಿ ತಂತಿ ಶ್ರುತಿಯಲ್ಲಿ ನಿಲ್ಲುವುದಿಲ್ಲ. ಬಿರಡೆಗಳು ಈ ಕಡೆ ಮೂರು, ಆ ಕಡೆ ಮೂರು ಇವೆ. ನಡುವಿನ ಡಿ ಮತ್ತು ಜಿ ತಂತಿಗಳು ನಟ್ ದಾಟಿದ ಮೇಲೆ ಪಕ್ಕಕ್ಕೆ ತಿರುಗಿ ಹೋಗಬೇಕು. ಎಳೆದು ಬಿಟ್ಟಾಗ ತಂತಿ ನಟ್‌ನ ಗೀರಿನಲ್ಲಿ ಸಿಕ್ಕಿಕೊಂಡು ಪೂರ್ತಿ ವಾಪಸ್ ಬರುವುದಿಲ್ಲ. ಗೀರನ್ನು ಸರಿಯಾಗಿ ಉಜ್ಜಿಸಿ, ಪೆನ್ಸಿಲ್ ಸೀಸದ ಪುಡಿ ತುಂಬಿದರೆ ಬಹುಪಾಲು ಹೋಗುತ್ತದೆ. ಹೊಸ ಬಿರಡೆ ಹಾಕಿಸಲು ಸುಮ್ನೆ ದುಡ್ಡು ಹಾಕುವ ಮುಂಚೆ ಇದನ್ನು ಮಾಡಿಸಿ ನೋಡಿ.

ನಮ್ಮ ಬೀಟೆ ಮರದ ನಂಟು

ಬೆರಳು ಒತ್ತುವ ಕಪ್ಪುಗಂದು ಪಟ್ಟಿ, ಅಂದರೆ ಫಿಂಗರ್‌ಬೋರ್ಡ್, ಬಹುತೇಕ ಲೆಸ್ ಪಾಲ್‌ಗಳಲ್ಲಿ ರೋಸ್‌ವುಡ್. 1950ರ ದಶಕದಲ್ಲಿ ಬ್ರೆಜಿಲ್‌ನ ರೋಸ್‌ವುಡ್ ಬಳಸುತ್ತಿದ್ದರು. ಅದು ಸಿಗುವುದು ಕಷ್ಟವಾದಾಗ 1960ರ ದಶಕದಲ್ಲಿ ಭಾರತದ ರೋಸ್‌ವುಡ್‌ಗೆ ಬಂದರು. ಅದೇ ನಮ್ಮ ಬೀಟೆ. ಕೊಡಗು, ಮಲೆನಾಡು, ಉತ್ತರ ಕನ್ನಡದ ಕಾಡುಗಳಲ್ಲಿ ಬೆಳೆಯುವ, ಮೈಸೂರಿನ ಇನ್‌ಲೇ ಕುಸುರಿಗೆ ಬಳಸುವ ಅದೇ ಜಾತಿಯ ಮರ.

ಈ ಮರ ಕೋರ್ಟಿನ ಬಾಗಿಲವರೆಗೂ ಹೋಗಿದೆ. 2011ರಲ್ಲಿ ಅಮೆರಿಕದ ಅಧಿಕಾರಿಗಳು ಗಿಬ್ಸನ್ ಕಾರ್ಖಾನೆಗಳ ಮೇಲೆ ದಾಳಿ ಮಾಡಿ ಭಾರತದಿಂದ ಬಂದಿದ್ದ ಫಿಂಗರ್‌ಬೋರ್ಡ್ ಪಟ್ಟಿಗಳನ್ನು ವಶಕ್ಕೆ ಪಡೆದರು. ನಮ್ಮ ದೇಶದ ನಿಯಮ ಪೂರ್ತಿ ತಯಾರಾಗದ ಮರವನ್ನು ಹೊರಗೆ ಕಳಿಸಲು ಬಿಡುವುದಿಲ್ಲ. ಅರೆ ಸಿದ್ಧವಾದ ಪಟ್ಟಿಯನ್ನು ಮರ ಎನ್ನಬೇಕೋ ಸಾಮಾನು ಎನ್ನಬೇಕೋ ಎಂಬುದೇ ತಕರಾರು. 2012ರಲ್ಲಿ ಮುಖ್ಯವಾಗಿ ಮಡಗಾಸ್ಕರ್‌ನ ಕರಿಮರದ ವಿಷಯಕ್ಕೆ 3 ಲಕ್ಷ ಡಾಲರ್ ದಂಡ ಕಟ್ಟಿ ಕಂಪನಿ ರಾಜಿ ಮಾಡಿಕೊಂಡಿತು. ಆ ಸುಮಾರಿನ ಕೆಲವು ಗಿಟಾರ್‌ಗಳಲ್ಲಿ ರೋಸ್‌ವುಡ್ ಬದಲು ಸುಟ್ಟು ಕಂದು ಮಾಡಿದ ಮೇಪಲ್ ಇದೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಅದು ಕಂಡರೆ ನಕಲಿ ಎಂದು ಹೆದರಬೇಡಿ.

2017ರ ಜನವರಿಯಿಂದ ರೋಸ್‌ವುಡ್ ಜಾತಿಯ ಮರಗಳೆಲ್ಲ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿದವು. ಗಿಟಾರ್ ಗಡಿ ದಾಟಲು ಕಾಗದಪತ್ರ ಬೇಕಾಯಿತು. ಪೂರ್ತಿ ತಯಾರಾದ ವಾದ್ಯಗಳಿಗೆ 2019ರ ನವೆಂಬರ್‌ನಿಂದ ವಿನಾಯಿತಿ ಸಿಕ್ಕಿತು. ಬ್ರೆಜಿಲ್ ರೋಸ್‌ವುಡ್‌ಗೆ ಈ ವಿನಾಯಿತಿ ಇಲ್ಲ. ಹಳೇ ಗಿಟಾರ್‌ ಅನ್ನು ವಿದೇಶದಿಂದ ತರುವವರು ಇದನ್ನು ಮರೆಯುವಂತಿಲ್ಲ.

ನಮ್ಮ ಹವೆಗೆ ಹೇಗೆ?

ಗಿಬ್ಸನ್ ಇವತ್ತಿಗೂ ನೈಟ್ರೋಸೆಲ್ಯುಲೋಸ್ ಎಂಬ ತೆಳು ಲ್ಯಾಕರ್ ಬಳಿಯುತ್ತದೆ. ನೋಡಲು ಚಂದ, ವರ್ಷ ಹೋದಂತೆ ಹಳದಿಗೆ ತಿರುಗುತ್ತದೆ. ಆದರೆ ಕೆಲವು ಬಗೆಯ ರಬ್ಬರ್, ಫೋಮ್ ತಾಗಿದ ಕಡೆ ಅದು ಕರಗಿ ಅಂಟಂಟಾಗುತ್ತದೆ. ಅಗ್ಗದ ಸ್ಟ್ಯಾಂಡಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ಕತ್ತಿನ ಹಿಂಬದಿಯಲ್ಲಿ ಕಲೆ ಗ್ಯಾರಂಟಿ. ಸ್ಟ್ಯಾಂಡಿಗೆ ಹತ್ತಿ ಬಟ್ಟೆ ಸುತ್ತಿ.

ಗಿಟಾರಿಗೆ ಹಿತವಾದ ಗಾಳಿಯ ತೇವ 45ರಿಂದ 55 ಶೇಕಡಾ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಅದು ಎಲ್ಲಿಗೋ ಹೋಗುತ್ತದೆ. ತಂತಿ ವಾರದಲ್ಲಿ ತುಕ್ಕು ಹಿಡಿಯಬಹುದು, ಮರ ಉಬ್ಬಬಹುದು. ಕಲಬುರಗಿಯ ಬೇಸಿಗೆಯಲ್ಲಿ ಇದರ ಉಲ್ಟಾ: ಮರ ಒಣಗಿ ಕುಗ್ಗಿ, ಫ್ರೆಟ್‌ನ ತುದಿಗಳ ಬಳಿ ಲ್ಯಾಕರ್ ಬಿರುಕು ಬಿಡುತ್ತದೆ. ಕರಾವಳಿಯವರು ಕೇಸಿನಲ್ಲಿ ಸಿಲಿಕಾ ಜೆಲ್ ಇಡಬೇಕು, ಒಳನಾಡಿನವರು ಬೇಸಿಗೆಯಲ್ಲಿ ತೇವ ಕೊಡುವ ಪುಟ್ಟ ಹ್ಯುಮಿಡಿಫೈಯರ್ ಇಡಬೇಕು.

ದುಡ್ಡಿನ ಲೆಕ್ಕ

ಎಪಿಫೋನ್ ಗಿಬ್ಸನ್‌ನದೇ ಇನ್ನೊಂದು ಬ್ರ್ಯಾಂಡ್. ಅದರ ಲೆಸ್ ಪಾಲ್‌ಗಳು ಏಷ್ಯಾದಲ್ಲಿ ತಯಾರಾಗುತ್ತವೆ. ಬೆಲೆ ಗಿಬ್ಸನ್‌ನ ಕಾಲು ಭಾಗದ ಆಸುಪಾಸು. ಅದೇ ಆಕಾರ, ಅದೇ ತಂತಿಯ ಉದ್ದ, ಹಂಬಕರ್, ಅಂಟಿನ ಕತ್ತು. ತೆಳು ಲ್ಯಾಕರ್ ಬದಲು ಪಾಲಿ ಎಂಬ ದಪ್ಪ ಪ್ಲಾಸ್ಟಿಕ್ ಲೇಪ, ಒಳಗಿನ ವೈರಿಂಗ್ ಸಾಧಾರಣ. ಕಲಿಯುವವರಿಗೂ ವಾರಾಂತ್ಯದಲ್ಲಿ ನುಡಿಸುವವರಿಗೂ ಇದು ಸಾಕು ಎಂಬುದು ನನ್ನ ಅಭಿಪ್ರಾಯ. ಉಳಿದ ದುಡ್ಡಿನಲ್ಲಿ ಒಳ್ಳೆಯ ಆಂಪ್ ಬಂದರೆ ದನಿಯಲ್ಲಿ ಸಿಗುವ ಲಾಭ ದೊಡ್ಡದು.

ಗಿಬ್ಸನ್‌ನ ಪರ ಇರುವ ಗಟ್ಟಿ ವಾದ ಮರುಮಾರಾಟ. ಚೆನ್ನಾಗಿ ಇಟ್ಟುಕೊಂಡರೆ ಬೆಲೆ ಬೇಗ ಕುಸಿಯುವುದಿಲ್ಲ. 1959ರ ಗಿಟಾರ್ ಲಕ್ಷಾಂತರ ಡಾಲರ್‌ಗೆ ಹೋಗುತ್ತದೆ ನಿಜ, ಆದರೆ ಅದನ್ನು ನೋಡಿ ಹೊಸದನ್ನು ಹೂಡಿಕೆ ಎಂದು ಕೊಳ್ಳಬಾರದು. ಆಗ ತಯಾರಾದವು ಕಡಿಮೆ, ಈಗ ವರ್ಷ ವರ್ಷವೂ ಹೊಸದು ಬರುತ್ತದೆ.

ಸೆಕೆಂಡ್‌ಹ್ಯಾಂಡ್ ನೋಡಲು ಹೋದಾಗ

ಮೊದಲು ಹೆಡ್‌ಸ್ಟಾಕ್‌ನ ಹಿಂಬದಿ. ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ, ನೇರವಾಗಿ ಬೇಡ. ರಿಪೇರಿಯಾದ ಸೀಳಿದ್ದರೆ ಕೂದಲೆಳೆಯಂಥ ಗೆರೆ ಕಾಣುತ್ತದೆ. ಬಣ್ಣ ಅಲ್ಲಿ ಮಾತ್ರ ಗಾಢವಾಗಿದ್ದರೂ ಅನುಮಾನ ಪಡಿ. ಕಣ್ಣು ಮುಚ್ಚಿ ಹೆಬ್ಬೆರಳನ್ನು ನಿಧಾನವಾಗಿ ಓಡಿಸಿದರೆ ಕಣ್ಣಿಗೆ ಕಾಣದ ಏರುತಗ್ಗು ಸಿಗುತ್ತದೆ.

ಆಮೇಲೆ ನಕಲಿಯ ಪರೀಕ್ಷೆ. ಗಿಬ್ಸನ್ ಎಂದು ಬರೆದ ಖೋಟಾ ಗಿಟಾರ್‌ಗಳು ಬಹಳ ಓಡಾಡುತ್ತಿವೆ. ಅಸಲಿಯಲ್ಲಿ ಗಂಟೆಯಾಕಾರದ ಮುಚ್ಚಳಕ್ಕೆ ಎರಡೇ ಸ್ಕ್ರೂ. ಖೋಟಾದಲ್ಲಿ ಹಲವು ಸಲ ಮೂರು. ಮುಚ್ಚಳ ಬಿಚ್ಚಿದರೆ ಒಳಗೆ ಆರು ಮುಖದ ಹಿತ್ತಾಳೆ ನಟ್ ಇರಬೇಕು, ಅಲೆನ್ ಕೀ ಹಾಕುವ ತೂತಲ್ಲ. 1977ರಿಂದ 2013ರವರೆಗಿನ ಬಹುಪಾಲು ಗಿಟಾರ್‌ಗಳ ಸೀರಿಯಲ್ ನಂಬರಿನಲ್ಲಿ ಮೊದಲ ಮತ್ತು ಐದನೇ ಅಂಕಿ ಸೇರಿದರೆ ತಯಾರಾದ ವರ್ಷ, ನಡುವಿನ ಮೂರು ಅಂಕಿ ಆ ವರ್ಷದ ಎಷ್ಟನೇ ದಿನ ಎಂಬುದು. ಆ ಮೂರು ಅಂಕಿ 366 ಮೀರಿದ್ದರೆ ಕಾರಣ ಕೇಳಿ.

ಕೊನೆಗೆ ಹೆಗಲಿಗೆ ಪಟ್ಟಿ ಹಾಕಿ ಅರ್ಧ ಗಂಟೆ ನಿಂತು ನುಡಿಸಿ. ಜಿ ತಂತಿಯನ್ನು ಹತ್ತು ಸಲ ಜೋರಾಗಿ ಎಳೆದು, ಶ್ರುತಿ ತೋರಿಸುವ ಟ್ಯೂನರ್ ನೋಡಿ. ಗಟ್ಟಿ ಕೇಸ್ ಜೊತೆಗೆ ಕೊಡುತ್ತಾರೋ ಕೇಳಿ. ಇಲ್ಲ ಎಂದರೆ ಅದರ ಬೆಲೆಯನ್ನು ಚೌಕಾಸಿಯಲ್ಲಿ ಕಳೆದು, ಅದೇ ದಿನ ಒಂದು ಕೇಸ್ ಕೊಂಡೇ ಗಿಟಾರನ್ನು ಮನೆಗೆ ತನ್ನಿ.